ಊರು ಹೇಳಿಸಿ ಚಾವಿ ಕೊಡುತ್ತಿದ್ದವರು

ಅವರ ಮೂಗು ನಡುವೆ ಮುರಿದು ಎಡಕ್ಕೆ ವಾಲಿತ್ತು. ಹರೆಯದಲ್ಲಿ ಲಾರಿಯ ಗಾಲಿ ಬದಲಿಸುವಾಗ ಜ್ಯಾಕ್ ಜಾರಿ ಅದರ ಹಿಡಿಕೆ ಬಡಿದದ್ದಂತೆ. ಹಾಗಾಗಿ ಕನ್ನಡಕ ಯಾವತ್ತೂ ಒಂದೇ ಕಡೆಗೆ ಜಾರುತ್ತಿತ್ತು. ಅದು ಬೀಳದಿರಲೆಂದು ಅದರ ಎಡಗಡೆಯ ಕಡ್ಡಿಗೆ ಬಿಳಿ ದಾರ ಸುತ್ತಿಕೊಂಡಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ಕೆಳಗೆ ಈ ಸೊಟ್ಟ ಮೂಗು. ದಿನಾ ಬೆಳಿಗ್ಗೆ ಆರೂವರೆಗೆ ಆ ಮೂಗು ನಮ್ಮ ಬಾಯಿಂದ ಒಂದು ಗೇಣು ದೂರಕ್ಕೆ ಬಂದು ನಿಲ್ಲುತ್ತಿತ್ತು.

ಗೋಕಾಕದ ಮಾರುಕಟ್ಟೆಯ ಹಿಂದೆ ನಮ್ಮ ಪಾರ್ಸೆಲ್ ಗೋದಾಮು. ಜನ ಮೊಬೈಲಿನಲ್ಲಿ ತರಿಸಿಕೊಂಡ ಸೀರೆ, ಮಿಕ್ಸರು, ಚಪ್ಪಲಿ ಎಲ್ಲ ಇಲ್ಲಿಗೆ ಬಂದು ಇಳಿಯುತ್ತವೆ. ಇಲ್ಲಿಂದ ಹತ್ತು ಹನ್ನೊಂದು ಸಣ್ಣ ಗಾಡಿಗಳು ಅವನ್ನು ಸುತ್ತಲಿನ ಊರುಗಳಿಗೆ ಒಯ್ಯುತ್ತವೆ. ಗೋಡೆಯ ಮೇಲೆ ಮೊಳೆ ಹೊಡೆದ ಹಲಗೆ, ಮೊಳೆಗೊಂದು ಚಾವಿ. ಅದರ ಕೆಳಗೆ ಕುರ್ಚಿ ಹಾಕಿಕೊಂಡು ಅವರು ಕೂಡುತ್ತಿದ್ದರು. ಎಲ್ಲರೂ ಚಾವಿ ಕಾಕಾ ಅನ್ನುತ್ತಿದ್ದರು. ನಾನೂ ಕಾಕಾ ಎಂದೇ ಕರೆದೆ, ಇಲ್ಲೂ ಹಾಗೇ ಕರೆಯುತ್ತೇನೆ.

ಚಾವಿ ಬೇಕಾದರೆ ಅವರ ಮುಂದೆ ನಿಂತು ಆ ದಿನ ಹೋಗುವ ಊರುಗಳನ್ನು ಸಾಲಾಗಿ ಹೇಳಬೇಕು. ನನ್ನದು ಹುಕ್ಕೇರಿ ಲೈನು. “ಘಟಪ್ರಭಾ, ಬೆಲ್ಲದ ಬಾಗೇವಾಡಿ, ಹುಕ್ಕೇರಿ, ಸಂಕೇಶ್ವರ.” ಮೂಡಲಗಿ ಲೈನಿನವನು ಕಲ್ಲೋಳಿ, ನಾಗನೂರ, ಮೂಡಲಗಿ ಅನ್ನಬೇಕು. ಅನ್ನುವಾಗ ಬಾಯಿಂದ ಗಾಳಿ ಬರುತ್ತದಲ್ಲ, ಕಾಕಾಗೆ ಬೇಕಾದದ್ದು ಅದೇ. ಮೂಡಲಗಿ ಕಡೆಯ ಊರುಗಳಲ್ಲಿ ಗಾಳಿ ಕಡಿಮೆ ಎಂದು ಅವರ ದೂರು. ಹಾಗಾಗಿ ಆ ಲೈನಿನವರು ಕೊನೆಗೊಮ್ಮೆ ಘಟಪ್ರಭಾ ಅನ್ನಲೇಬೇಕಿತ್ತು, ಅದು ಅವರ ಹಾದಿಯಲ್ಲಿ ಇಲ್ಲದಿದ್ದರೂ. ಹೊಸದಾಗಿ ಬಂದವನೊಬ್ಬ ಇದನ್ನು ತಿಳಿಯದೆ ಮೂಡಲಗಿ ಪಾರ್ಸೆಲ್ ತುಂಬಿಕೊಂಡು ಘಟಪ್ರಭಾಕ್ಕೂ ಹೋಗಿ ಬಂದಿದ್ದ. ವಾರವಿಡೀ ಅವನನ್ನು ಕಾಡಿಸಿದೆವು.

ಕುಡಿದು ಬಂದವರು ಮಾಡುವ ಉಪಾಯಗಳೆಲ್ಲ ಕಾಕಾಗೆ ಬಾಯಿಪಾಠ. ಒಮ್ಮೆ ಮೂಡಲಗಿ ಲೈನಿನವನು ಊರು ಹೇಳಿ ಮುಗಿಸಿ ಕೈ ಚಾಚಿದ. ಕಾಕಾ ಚಾವಿ ಕೊಡಲಿಲ್ಲ.

“ಉಳ್ಳಾಗಡ್ಡಿ ತಿಂದಿ, ಯಾಲಕ್ಕಿ ತಿಂದಿ, ಮ್ಯಾಲ ಬಡೇಸೋಪು ತಿಂದಿ. ಮುಂಜಾನೆ ಆರಕ್ಕ ಇಷ್ಟೆಲ್ಲಾ ಯಾಂವ ತಿಂತಾನ ಹೇಳು? ಒಳಗ ಒಂದ ಐತಿ, ಅದಕ್ಕ ಇಷ್ಟ ಹಾಸಿಗಿ ಹೊಚ್ಚೀ.”

“ಸ್ವಲ್ಪ ಅಷ್ಟ್ರಿ ಕಾಕಾ. ನಿನ್ನಿ ಬೀಗರು ಬಂದಿದ್ರು.”

“ಆತು. ಸ್ವಲ್ಪ ಗಂಟ ಇಳಸು ಇವತ್ತ.”

ಅಷ್ಟೇ. ಚಾವಿ ಮೊಳೆಗೆ ಹೋಯಿತು. ಅವನು ಆ ದಿನ ಗೋದಾಮಿನಲ್ಲಿ ಗಂಟು ಇಳಿಸಿದ, ಇನ್ನೊಬ್ಬ ಅವನ ಗಾಡಿ ಒಯ್ದ. ಕಾಕಾ ಆಫೀಸಿಗೆ ಹೇಳಲಿಲ್ಲ, ಮನೆಗೂ ಹೇಳಲಿಲ್ಲ, ಮರುದಿನ ಆ ಮಾತು ಎತ್ತಲೂ ಇಲ್ಲ. ನಿದ್ದೆ ಬಾರದಿರಲೆಂದು ಗುಳಿಗೆ ನುಂಗಿ ಬರುವವರೂ ಇದ್ದರು. ಗುಳಿಗೆಗೆ ವಾಸನೆ ಇಲ್ಲ. ಆದರೆ ಅವರು ಊರುಗಳನ್ನು ಗಡಬಡಿಸಿ ಹೇಳುತ್ತಿದ್ದರು. “ನಿನ್ನ ಬಾಯಾಗ ಊರಿಗೆ ಊರ ಡಿಕ್ಕಿ ಹೊಡ್ಯಾಕತ್ತಾವು, ಗಾಡಿ ಬಿಡು” ಎಂದು ಅವರನ್ನೂ ಕೂರಿಸುತ್ತಿದ್ದರು.

ನಮ್ಮ ಮಾಲಕರಿಗೆ ಇದೆಲ್ಲ ಮುದುಕನ ಹುಚ್ಚು. ಗಾಡಿ ಹೊತ್ತಿಗೆ ಸರಿಯಾಗಿ ಹೊರಡಬೇಕು, ಅವರಿಗೆ ಅಷ್ಟೇ. ಕುಡಿದರೆ ಕುಡಿದವನ ಕರ್ಮ, ನಿಮಗೇಕೆ ಇಷ್ಟು ಉಸಾಬರಿ ಎಂದು ನಾನೂ ಒಂದು ಸಲ ಕೇಳಿದ್ದೆ. ಕಾಕಾ ಕನ್ನಡಕ ಏರಿಸಿಕೊಂಡು, “ಗಾಡಿ ನೀವು ಹೊಡೀತೀರಿ, ಖರೆ. ಆದ್ರ ಚಾವಿ ನನ್ನ ಕೈಯಾಗಿಂದ ಹೋಗತೈತಿ” ಅಂದರು. ಅದಕ್ಕಿಂತ ದೊಡ್ಡ ಕಾರಣವನ್ನು ಅವರು ಯಾವತ್ತೂ ಹೇಳಲಿಲ್ಲ.

ಇನ್ನು ನನ್ನ ವಿಷಯ. ನನಗೆ ಆಗ ಮೂವತ್ತಾರು. ಮದುವೆಯಾಗಿರಲಿಲ್ಲ. ನಮ್ಮ ಕಡೆ ಈಗ ಡ್ರೈವರನಿಗೆ ಹೆಣ್ಣು ಸಿಗುವುದಿಲ್ಲ. ಹುಡುಗ ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ ಉತ್ತರ ಕೊಡುವಷ್ಟರಲ್ಲಿ ಚಹಾದ ಕಪ್ಪು ಕೆಳಗಿಟ್ಟು ಏಳುತ್ತಾರೆ. ಅಪ್ಪ ಅವ್ವ ತೀರಿ ವರ್ಷಗಳಾಗಿದ್ದವು. ಒಬ್ಬಳೇ ಅಕ್ಕ, ಅವಳು ದೂರದ ಇಚಲಕರಂಜಿಯಲ್ಲಿ. ಗೋಕಾಕದಲ್ಲಿ ನನ್ನದೊಂದು ಬಾಡಿಗೆ ಖೋಲಿ. ದಿನಕ್ಕೆ ನೂರು ಬಾಗಿಲು ತಟ್ಟುವ ಕೆಲಸವಾದರೂ ಆಡುವ ಮಾತು ಒಂದೇ, “ಓಟಿಪಿ ಹೇಳ್ರಿ.” ಅವರು ನಾಲ್ಕಂಕಿ ಹೇಳುತ್ತಾರೆ, ಬಾಗಿಲು ಹಾಕಿಕೊಳ್ಳುತ್ತಾರೆ. ಎರಡು ವರ್ಷ ಪಾರ್ಸೆಲ್ ಕೊಟ್ಟ ಮನೆಯವರೇ ಸಂತೆಯಲ್ಲಿ ಎದುರಾದಾಗ ಗುರುತು ಹಿಡಿಯುತ್ತಿರಲಿಲ್ಲ. ಕೈಯಲ್ಲಿ ಡಬ್ಬಿ ಇಲ್ಲದ ನಾನು ಅವರಿಗೆ ಯಾರೂ ಅಲ್ಲ.

ಇದು ಕಾಕಾ ಒಬ್ಬರಿಗೇ ತಿಳಿದಿತ್ತು. ಒಂದು ಸಲ ಎರಡು ದಿನ ರಜೆಯಿದ್ದು ಸೋಮವಾರ ಬಂದಿದ್ದೆ. ಊರು ಹೇಳಿದೆ. ಅವರು ಚಾವಿ ಕೊಡದೆ ನನ್ನನ್ನೇ ನೋಡಿದರು.

“ಎರಡ ದಿನ ಯಾರ ಕೂಡಾನೂ ಮಾತಾಡಿಲ್ಲ ನೀ.”

“ನಿಮಗ ಹೆಂಗ ಗೊತ್ತಾತ್ರಿ?”

“ಬಾಯಿ ಮುಚ್ಚೇ ಇದ್ದದ್ದರ ವಾಸನಿ ಬ್ಯಾರೇನ ಇರತೈತಿ. ಐತ್ವಾರ ಮನಿಗೆ ಬಾ, ರೊಟ್ಟಿ ತಿಂದ ಹೋಗೀಯಂತ.”

ಹಾಗೆ ನಾನು ಅವರ ಮನೆಗೆ ಹೋಗಿಬರುವವನಾದೆ. ಕಾಕಿ ತೀರಿಕೊಂಡಿದ್ದರು. ರೊಟ್ಟಿ ಬಡಿಯುವವರು ಕಾಕಾ ತಾವೇ. ತೆಳುವಾಗಿ, ದುಂಡಗೆ ಬರುತ್ತಿದ್ದವು. ಒಲೆಯ ಮೇಲಿನ ರೊಟ್ಟಿಯ ಕಡೆ ನೋಡದೆ, ಬರೀ ವಾಸನೆಯ ಮೇಲೆ ಮಗುಚುತ್ತಿದ್ದರು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆದರೂ ಖೋಲಿಗೆ ಮರಳುವಾಗ ಯಾರೊಡನೆಯೋ ಬಹಳ ಮಾತಾಡಿದ ಹಾಗೆ ಅನಿಸುತ್ತಿತ್ತು.

ಕೊರೊನಾ ಎರಡನೆಯ ಸಲ ಬಂದಾಗ ಕಾಕಾ ಇಪ್ಪತ್ತು ದಿನ ಮಲಗಿದರು. ಎದ್ದು ಬಂದರು, ಮತ್ತೆ ಹಲಗೆಯ ಕೆಳಗೆ ಕೂತರು, ಮತ್ತೆ ಊರು ಹೇಳಿಸಿದರು. ಎಲ್ಲ ಮೊದಲಿನ ಹಾಗೇ ಇತ್ತು. ಒಂದು ದಿನ ಗೋದಾಮಿನ ಅಟ್ಟದ ಮೇಲೆ ಹೆಗ್ಗಣ ಸತ್ತು ಯಾರೂ ಒಳಗೆ ನಿಲ್ಲಲಾರದಷ್ಟು ನಾರತೊಡಗಿತು. ನಾವೆಲ್ಲ ಮೂಗಿಗೆ ಟವೆಲ್ ಕಟ್ಟಿಕೊಂಡು ಅಂಗಳಕ್ಕೆ ಓಡಿದೆವು. ತಿರುಗಿ ನೋಡಿದರೆ ಕಾಕಾ ಅದೇ ಅಟ್ಟದ ಕೆಳಗೆ ಕೂತು ನೆಮ್ಮದಿಯಿಂದ ಒಗ್ಗರಣೆ ಅವಲಕ್ಕಿ ತಿನ್ನುತ್ತಿದ್ದರು. ಮಿಕ್ಕವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ನೋಡಿದ್ದನ್ನು ಅವರು ನೋಡಿದರು. ಚಮಚ ಕೆಳಗಿಟ್ಟರು.

ಸಂಜೆ ಗಾಡಿಗಳ ಹಿಂದೆ ನನ್ನನ್ನು ಕರೆದು ಹೇಳಿದರು, “ನನ್ನ ಮೂಗ ಹೋಗೇತಿ ತಮ್ಮಾ. ಜ್ವರದ ಕೂಡ ಹೋತು. ಡಾಕ್ಟರು ಬರತೈತಿ ಅಂತಾರ. ಮೂರ ತಿಂಗಳಾತು, ಕರ್ಪೂರ ಹಿಡದ್ರೂ ಗೊತ್ತಾಗವಲ್ದು.”

“ಮಾಲಕರಿಗೆ ಹೇಳಬೇಕಿತ್ರಿ.”

“ಹೇಳಿದ್ರ ನಾಳೆ ಮನಿಗೆ ಕಳಸ್ತಾರ. ಕಳಸ್ಲಿ, ಅದಕ್ಕಲ್ಲ. ಆಮ್ಯಾಲ ಇಲ್ಲಿ ಊರ ಹೇಳ್ಸಾವ್ರು ಯಾರು? ಚಾವಿ ತಾವ ತಗೊಂಡ ಹೋಗ್ತಾರ ಎಲ್ಲಾರೂ.”

ಅವರೇ ಒಂದು ದಾರಿ ಹುಡುಕಿದ್ದರು. ನಾನು ಪಾರ್ಸೆಲ್ ಪಟ್ಟಿ ಹಿಡಿದು ಅವರ ಬಾಜೂ ನಿಲ್ಲಬೇಕು. ಯಾರ ಬಾಯಿಂದಾದರೂ ವಾಸನೆ ಬಂದರೆ ಪೆನ್ನನ್ನು ಕಿವಿಗೆ ಸಿಗಿಸಿಕೊಳ್ಳಬೇಕು. ಮಿಕ್ಕಿದ್ದು ಅವರು ನೋಡಿಕೊಳ್ಳುತ್ತಾರೆ. ಯಾರಿಗೂ ಗೊತ್ತಾಗಬಾರದು. ಮೂಗು ಸತ್ತಿದೆ ಎಂದು ತಿಳಿದರೆ ಕುಡಿಯುವವರಿಗೆ ಹಬ್ಬ.

“ನನ್ನ ಪಾಳಿ ಬಂದಾಗ ಯಾರ ನೋಡವ್ರು?” ಎಂದೆ, ಸುಮ್ಮನೆ ಚೇಷ್ಟೆಗೆ.

ಕಾಕಾ ನಕ್ಕರು. “ನಿಂದೇನ ನೋಡೂದು? ನೀ ಚಹಾ ಸೈತ ಬರೋಬ್ಬರಿ ಕುಡ್ಯಾವಲ್ಲ.”

ಆ ದಿನ ಅದು ನಿಜವಾಗಿತ್ತು. ಇಷ್ಟು ವರ್ಷಗಳಲ್ಲಿ ಒಬ್ಬ ಮನುಷ್ಯ ನನ್ನನ್ನು ಬೇಕೆಂದು ಕರೆದು ಏನನ್ನೋ ಒಪ್ಪಿಸಿದ್ದು ಅದೇ ಮೊದಲು. ಹೆಮ್ಮೆಯಿಂದ ನಿಂತೆ. ಒಂದೆರಡು ಸಲ ಪೆನ್ನು ಕಿವಿಗೆ ಹೋಯಿತು, ಎರಡು ಚಾವಿ ಮೊಳೆಗೆ ಹೋದವು. ಯಾರಿಗೂ ಸಂಶಯ ಬರಲಿಲ್ಲ.

ದಸರೆಯ ಹೊತ್ತಿಗೆ ಮೂಡಲಗಿಯಲ್ಲಿ ಒಂದು ಹೆಣ್ಣು ಗೊತ್ತಾಗುವ ಹಾಗಿತ್ತು. ಅಕ್ಕ ಬಂದಳು, ಕಾಕಾ ಬಂದರು, ಮಾತಾಯಿತು, ಹುಡುಗಿಯೂ ಒಪ್ಪಿದ್ದಳಂತೆ. ವಾರದ ಮೇಲೆ ಅವರ ಕಡೆಯವರು ಫೋನ್ ಮಾಡಿ, ಬೇರೆ ಕಡೆ ನೌಕರಿಯವನು ಸಿಕ್ಕ ಅಂದರು. ಹುಡುಗಿಯ ಮನೆ ನಮ್ಮ ಮೂಡಲಗಿ ಲೈನಿನಲ್ಲೇ. ಅವಳ ಮದುವೆಯ ಸೀರೆಯ ಪಾರ್ಸೆಲ್ ನಮ್ಮ ಗೋದಾಮಿಗೇ ಬಂತು. ಹೆಸರು ಓದಿ ಮೂಡಲಗಿ ಗಾಡಿಗೆ ಹಾಕಿದವನು ನಾನೇ.

ಆಮೇಲೆ ಕುಡಿದೆ. ಕಾರಣ ಹೇಳುತ್ತಿದ್ದೇನೆ, ಕ್ಷಮೆಗಾಗಿ ಅಲ್ಲ. ಅಂಗಡಿಯಲ್ಲಿ ಸೆರೆಯ ಸಣ್ಣ ಕಾಗದದ ಪಾಕೀಟು ಸಿಗುತ್ತದೆ, ಮಕ್ಕಳು ಮಾವಿನ ರಸ ಕುಡಿಯುವಂಥದ್ದು. ಮೊದಲು ಐತವಾರ ಒಂದು. ಆಮೇಲೆ ಮಧ್ಯಾಹ್ನ ಸಂಕೇಶ್ವರದ ಹೊಳೆಯ ಹತ್ತಿರ ಗಾಡಿ ನಿಲ್ಲಿಸಿ ಒಂದು. ದೀಪಾವಳಿ ಕಳೆಯುವಷ್ಟರಲ್ಲಿ ಬೆಳಿಗ್ಗೆ ಗೋದಾಮಿಗೆ ಬರುವ ಮೊದಲೇ ಅರ್ಧ ಪಾಕೀಟು ಬೇಕಾಯಿತು. ಹಲ್ಲುಜ್ಜುತ್ತಿರಲಿಲ್ಲ, ಯಾಲಕ್ಕಿ ಜಗಿಯುತ್ತಿರಲಿಲ್ಲ. ಯಾಕೆ ಜಗಿಯಬೇಕು? ಗೋದಾಮಿನ ಮೂಗು ನಾನೇ ಆಗಿದ್ದೆ.

ಕುಡಿದ ಬಾಯಲ್ಲೇ ಅವರ ಬಾಜೂ ನಿಂತು ಬೇರೆಯವರ ಬಾಯಿ ಮೂಸುತ್ತಿದ್ದೆ. ನನ್ನ ಪಾಳಿ ಬಂದಾಗ ಎದುರು ಬಂದು ಘಟಪ್ರಭಾ ಎಂದು ಅವರ ಮುಖಕ್ಕೇ ಉಸಿರು ಬಿಡುತ್ತಿದ್ದೆ. ಕಾಕಾ ಮೊದಲಿನಂತೆಯೇ ಮುಖ ಮುಂದೆ ತಂದು, ಕಣ್ಣು ಸ್ವಲ್ಪ ಮುಚ್ಚಿ ಕೇಳುತ್ತಿದ್ದರು. ಮಿಕ್ಕವರಿಗೆ ಸಂಶಯ ಬರಬಾರದಲ್ಲ. ನಾಲ್ಕು ಊರು ಮುಗಿದೊಡನೆ ಚಾವಿ ನನ್ನ ಅಂಗೈಯಲ್ಲಿರುತ್ತಿತ್ತು. ಒಂದು ದಿನ ಮೂಡಲಗಿ ಲೈನಿನವನ ಬಾಯಿ ವಾಸನೆ ಬಂತು, ಪೆನ್ನು ಕಿವಿಗೆ ಸಿಗಿಸಿದೆ. ಅವನು ಗಂಟು ಇಳಿಸಲು ಹೋಗುವ ಮೊದಲು ನನ್ನ ಕಡೆ ಒಂದು ನೋಟ ನೋಡಿದ. ನನ್ನ ವಾಸನೆ ಅವನಿಗೆ ಬಂದಿರಲೇಬೇಕು. ಅವನು ಏನೂ ಅನ್ನಲಿಲ್ಲ. ಎರಡು ತಿಂಗಳು, ಒಂದು ದಿನ ಬಿಡದೆ, ಹೀಗೆ ನಡೆಯಿತು.

ಸಂಕ್ರಾಂತಿಯ ಹಿಂದಿನ ವಾರ. ಕಬ್ಬಿನ ಕಾಲ, ರಸ್ತೆಯ ತುಂಬ ಟ್ರ್ಯಾಕ್ಟರು. ಬೆಲ್ಲದ ಬಾಗೇವಾಡಿ ದಾಟುವ ಮೊದಲೇ ಒಂದು ತಿರುವಿನಲ್ಲಿ ಹಾಲಿನವನೊಬ್ಬ ಬೈಕಿಗೆ ಎರಡೂ ಕಡೆ ಕ್ಯಾನು ಕಟ್ಟಿಕೊಂಡು ರಸ್ತೆ ದಾಟುತ್ತಿದ್ದ. ನಾನು ಅವನನ್ನು ನೋಡಿದೆ. ಮಂಜಿರಲಿಲ್ಲ, ಬಿಸಿಲು ಬಿದ್ದಿತ್ತು, ಬೇಕಾದಷ್ಟು ದೂರವಿತ್ತು. ಬ್ರೇಕು ಒತ್ತಬೇಕು ಎಂದು ತಿಳಿಯಿತು, ಕಾಲಿಗೆ ಅದು ತಡವಾಗಿ ತಿಳಿಯಿತು. ಇಳಿದು ನೋಡಿದಾಗ ರಸ್ತೆಯೆಲ್ಲ ಹಾಲು. ಅವನ ಮೊಣಕಾಲು ಇರಬಾರದ ಕಡೆಗೆ ತಿರುಗಿತ್ತು. ಸುತ್ತ ಕೂಡಿದ ಜನರಲ್ಲಿ ಒಬ್ಬ ನನ್ನ ಹತ್ತಿರ ಬಂದವನೇ ಮುಖ ಹಿಂದಕ್ಕೆಳೆದು, “ಕುಡದಾನ ಮಗಾ” ಅಂದ. ಮೂಗಿರುವ ಯಾರಿಗಾದರೂ ತಿಳಿಯುವಷ್ಟು ಸುಲಭವಾಗಿತ್ತು ಅದು.

ಕೇಸಾಯಿತು. ಲೈಸೆನ್ಸ್ ಹೋಯಿತು. ಕೆಲವು ತಿಂಗಳು ಜೈಲಿನಲ್ಲಿದ್ದೆ. ಅದರ ಬಗ್ಗೆ ಹೇಳುವಂಥದ್ದೇನಿಲ್ಲ, ಆಗಬೇಕಾದದ್ದೇ ಆಯಿತು. ಕಾಕಾ ಅಪಘಾತವಾದ ದಿನವೇ ಮಾಲಕರ ಮುಂದೆ ನಿಂತು ತಮ್ಮ ಮೂಗಿನ ವಿಷಯ ಪೂರ್ತಿ ಹೇಳಿಬಿಟ್ಟರಂತೆ. ಯಾರೂ ತೆಗೆದು ಹಾಕುವ ಮೊದಲೇ ಕೆಲಸ ಬಿಟ್ಟರು. ಬಿಡುವಾಗ ಒಂದೇ ಒಂದು ಮಾತು ಕೇಳಿಕೊಂಡರು: “ಆ ಹುಡುಗ ಕುಡ್ಯಾಂವ ಅಲ್ರಿ. ನಂಗ ಗೊತ್ತೈತಿ. ಅವತ್ತ ಒಂದ ದಿನ ತಪ್ಪ್ಯಾನ. ಹೊರಗ ಬಂದ್ಮ್ಯಾಲ ಗಾಡಿ ಕೊಡಬ್ಯಾಡ್ರಿ, ಗೋದಾಮಿನ್ಯಾಗ ಕೆಲಸ ಕೊಡ್ರಿ.”

ಆ ಮಾತಿನ ಮೇಲೆ ನನಗೆ ಕೆಲಸ ಸಿಕ್ಕಿತು. ಇವತ್ತಿಗೂ ಅದೇ ಗೋದಾಮಿನಲ್ಲಿದ್ದೇನೆ. ಪಾರ್ಸೆಲ್ ವಿಂಗಡಿಸುತ್ತೇನೆ.

ಜೈಲಿನಿಂದ ಬಂದ ವಾರವೇ ಕಾಕಾ ನನ್ನ ಖೋಲಿಗೆ ಬಂದರು. “ಏಳು. ಬಾಗೇವಾಡಿಗೆ ಹೋಗೂಣು. ಅವಗ ಮಾರಿ ತೋರಸಬೇಕು ನೀ” ಅಂದರು. ನಾನು ಒಲ್ಲೆ ಅಂದೆ. ಅವರು ಬಾಗಿಲಲ್ಲೇ ಕೂತರು. ಅರ್ಧ ಗಂಟೆ ಕೂತರು. ಕೊನೆಗೆ ನಾನೇ ಚಪ್ಪಲಿ ಮೆಟ್ಟಿದೆ.

ಹಾಲಿನವನ ಮನೆ ಊರ ಹೊರಗೆ ಹೊಲದಲ್ಲಿ. ಅಂಗಳದಲ್ಲಿ ಎಮ್ಮೆ ಹಿಂಡುತ್ತಿದ್ದವಳು ಅವನ ಹೆಂಡತಿ. ಅವನು ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ನನ್ನನ್ನು ನೋಡಿ, “ಕಾಲ ಮಡಚಾಕ ಬರಂಗಿಲ್ರಿ. ಎಮ್ಮಿ ಬುಡಕ ಕೂಡ್ರಾಕ ಆಗೂದಿಲ್ಲ. ಹನ್ನೆರಡ ವರ್ಷದಾಂವ ಇದ್ದಾಗಿಂದ ಹಿಂಡಿದ ಕೈ ನೋಡ್ರಿ ಇವು, ಸುಮ್ಮ ಕುಂತಾವು” ಅಂದ. ಸಿಟ್ಟಿನಿಂದ ಹೇಳಲಿಲ್ಲ, ಸುದ್ದಿ ಹೇಳುವಂತೆ ಹೇಳಿದ.

ನಾನು ಕೈಮುಗಿದು ನಿಂತೆ. ಕಾಕಾ ನನ್ನ ಬದಲಿಗೆ ಮಾತಾಡಿದರು. “ಒಂದ ದಿನ ತಪ್ಪಿದಾನ್ರಿ. ಮದ್ಲ ಕುಡ್ಯಾಂವ ಅಲ್ಲ. ತಪ್ಪ ನಂದೂ ಐತಿ, ನನ್ನ ಮೂಗ ಹೋಗಿತ್ತು, ನಾನ ಚಾವಿ ಕೊಟ್ಟೆ.” ಹಾಲಿನವನು ತಲೆಯಾಡಿಸಿದ. ಅವನ ಹೆಂಡತಿ ಎದ್ದು ಬಂದು ಇಬ್ಬರಿಗೂ ಮಜ್ಜಿಗೆ ಕೊಟ್ಟಳು. ಆ ಮಜ್ಜಿಗೆ ಕುಡಿಯುವಾಗ ಒಂದು ದಿನ ಅಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಬಸ್ಸಿನಲ್ಲಿ ಹೇಳಬಹುದಿತ್ತು. ಕಾಕಾ ಕಿಟಕಿಯ ಕಡೆ ಕೂತು ನನ್ನ ಕೈ ಹಿಡಿದುಕೊಂಡಿದ್ದರು. ಆಗಲೂ ಹೇಳಲಿಲ್ಲ.

ಕಾಕಾ ಆಮೇಲೆ ಹಿಡಕಲ್ಲಿಗೆ ಮಗಳ ಮನೆಗೆ ಹೋದರು. ಅಳಿಯ ಡ್ಯಾಮಿನ ಕಚೇರಿಯಲ್ಲಿ ನೌಕರಿಯಲ್ಲಿದ್ದ. ನಾನು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಇಲ್ಲಿ ಮಾತಾಡಲು ನನಗೆ ಬೇರೆ ಯಾರೂ ಇರಲಿಲ್ಲ. ಅವರ ಮೂಗು ಕೊನೆಗೂ ಬರಲಿಲ್ಲ. ರೊಟ್ಟಿ ಸುಡಲು ಕೂತರೆ ಕರಕಾಗುತ್ತಿತ್ತೆಂದು ಮಗಳು ಅವರನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಹೋದ ವರ್ಷ ಅವರು ಪೂರ್ತಿ ಹಾಸಿಗೆ ಹಿಡಿದರು. ಕೊನೆಯ ಸಲ ಹೋದಾಗ ನನ್ನನ್ನು ಹತ್ತಿರ ಕೂರಿಸಿಕೊಂಡು ಕೇಳಿದರು:

“ಮತ್ತ ಮುಟ್ಟಿಲ್ಲ ಹೌದಿಲ್ಲೋ?”

“ಇಲ್ರಿ ಕಾಕಾ.”

“ನಂಗ ಗೊತ್ತೈತಿ. ಒಂದ ದಿನ ಯಾರಿಗರೆ ತಪ್ಪತೈತಿ.” ಮತ್ತೆ ಅಂದರು, “ಆದ್ರ ನಾ ನಿನ್ನ ಮಾರಿ ನೋಡಿನಲ್ಲೋ ಅವತ್ತ. ದಿನಾ ನೋಡೂ ಮಾರಿ. ಮೂಗ ಇಲ್ದಿದ್ರ ಇಲ್ಲ, ಕಣ್ಣಿದ್ವು. ದಿನದಕ್ಕಿಂತ ಬ್ಯಾರೆ ಏನರೆ ಕಂಡಿರಬೇಕಲ್ಲಾ ನಿನ್ನ ಮಾರಿಯಾಗ. ಯಾಕ ಕಾಣ್ಲಿಲ್ಲ ನಂಗ?”

ಅವರಿಗೆ ಕಾಣಲಿಲ್ಲ, ಯಾಕೆಂದರೆ ಬೇರೆ ಏನೂ ಇರಲಿಲ್ಲ. ಎರಡು ತಿಂಗಳಿಂದ ದಿನಾ ಅದೇ ಕುಡಿದ ಮುಖವನ್ನೇ ಅವರು ನೋಡುತ್ತಿದ್ದರು. ಇದನ್ನು ಹೇಳಲು ಬಾಯಿ ತೆರೆದೆ. ಹೇಳಿದರೆ ಅವರು ಸಿಟ್ಟಾಗುತ್ತಿದ್ದರು, ನನ್ನನ್ನು ಹೊರಗೆ ಹೋಗೆನ್ನುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ ಹೋಗಲು ನನಗೆ ಒಂದು ಮನೆಯೂ ಇರುತ್ತಿರಲಿಲ್ಲ. ಸಾಯುವ ಮನುಷ್ಯನ ಮನಸ್ಸು ನೋಯಿಸಬಾರದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೆದರಿದ್ದು ನನಗಾಗಿ.

“ಹೋಗ್ಲಿ ಬಿಡ್ರಿ ಕಾಕಾ” ಅಂದೆ.

ಮುಂದಿನ ವಾರ ಅವರು ತೀರಿಕೊಂಡರು. ಮಣ್ಣು ಮಾಡಿ ಎಲ್ಲರೂ ಚದುರಿದ ಮೇಲೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವರ ಮಗಳು ನೀರು ತಂದುಕೊಟ್ಟಳು. ಯಾಕೋ ಅವಳಿಗೆ ಹೇಳಿಬಿಟ್ಟೆ. “ಒಂದ ದಿನ ಅಲ್ಲ ತಂಗಿ. ದೀಪಾವಳಿಯಿಂದ ದಿನಾ ಕುಡದ ಬರತಿದ್ದೆ. ದಿನಾ ಅವರ ಮುಂದ ನಿಂತ ಚಾವಿ ತಗೋತಿದ್ದೆ.”

ಅವಳು ನಾನು ಕುಡಿದಿಟ್ಟ ತಂಬಿಗೆಯನ್ನು ಕೈಗೆ ತೆಗೆದುಕೊಂಡಳು.

“ಹೋದ ವಾರ ಬಂದಾಗ ಹೇಳಬೇಕಿತ್ರಿ ಅಣ್ಣಾರ” ಅಂದಳು. “ಕಡೀಕ ಕಡೀಕ ಅಪ್ಪಗ ಅದೊಂದ ಹಚ್ಚಿಕೊಂಡಿತ್ತು. ಅವತ್ತ ಅವನ ಮಾರಿ ಹೆಂಗಿತ್ತು, ನಾ ಯಾಕ ತಿಳ್ಕೊಳಿಲ್ಲ ಅಂತ ಊಟದಾಗೂ ಅದ, ಮಲಗಿದ್ರೂ ಅದ. ನೀವು ಹೇಳಿದ್ರ ನಿಮಗ ಬೈತಿದ್ರು. ತಮಗ ಬೈಕೊಳ್ಳೂದ ಬಿಡತಿದ್ರು.”

ಅವಳು ತಂಬಿಗೆ ಹಿಡಿದು ಒಳಗೆ ಹೋದಳು. ನಾನು ಎದ್ದು ಗೋಕಾಕದ ಬಸ್ಸಿಗೆ ನಡೆದೆ.